ಕರಡು ತಿದ್ದುವವನ ಒಪ್ಪೋಲೆ

ಫೆಬ್ರವರಿ 3

ಪ್ರೀತಿಯ ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ ಅಂತ ಮೊದಲು ಬರೆಯಬೇಕಲ್ಲ, ಬರೆದಾಯಿತು. ಇನ್ನು ನಿಜ ಹೇಳುತ್ತೇನೆ.

ನಮ್ಮ ಮಕ್ಕಳ ವಾರ್ಡಿನಲ್ಲಿ ನಲವತ್ತು ಹಾಸಿಗೆ. ಈವತ್ತು ಬೆಳಿಗ್ಗೆ ಎಣಿಸಿದಾಗ ತೊಂಬತ್ತೊಂದು ಮಕ್ಕಳು. ಗಣಿ ಮುಚ್ಚಿದ ಮೇಲೆ ಈ ಊರು ಯಾರಿಗೂ ಬೇಡವಾಗಿದೆ. ಹಾಲಿನ ಪುಡಿ ಬಂದು ಎಂಟು ತಿಂಗಳಾಯಿತು. ಹೋದ ವಾರ ರಾಜಧಾನಿಯಿಂದ ಒಂದು ಸುತ್ತೋಲೆ ಬಂತು: ಸಾವಿನ ಕಾರಣ ಬರೆಯುವ ಕಡೆ 'ಹಸಿವು' ಎಂದು ಬರೆಯಕೂಡದು, 'ನಿಶ್ಶಕ್ತಿ' ಎಂದೇ ಬರೆಯಬೇಕು. ಅದರ ಜೊತೆಗೆ ಮಹಾನಾಯಕರ ಪಟಕ್ಕೆ ಹೊಸ ಗಾಜನ್ನೂ ಕಳಿಸಿದ್ದಾರೆ. ವಾರ್ಡಿನ ಕಿಟಕಿಗಳಿಗೆ ಗಾಜಿಲ್ಲ.

ಹನ್ನೊಂದು ಅರ್ಜಿ ಬರೆದೆ ಕಣೋ. ಒಂದಕ್ಕೂ ಉತ್ತರವಿಲ್ಲ. ಅರ್ಜಿಯನ್ನು ಒಬ್ಬ ಓದಿ ಬುಟ್ಟಿಗೆ ಎಸೆಯುತ್ತಾನೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಈ ಸಲ ಕಥೆ ಬರೆದಿದ್ದೇನೆ. ಕಾಗದ ಸಿಗದೆ ಜ್ವರದ ಪಟ್ಟಿಗಳ ಹಿಂಬದಿಯಲ್ಲಿ ಬರೆದದ್ದು, ನಗಬೇಡ. ಹೆಸರು 'ಎರಡನೆಯ ದಫ್ತರ'. ಆಸ್ಪತ್ರೆಯ ಒಬ್ಬ ಗುಮಾಸ್ತ ಸರ್ಕಾರದ ದಫ್ತರದಲ್ಲಿ 'ನಿಶ್ಶಕ್ತಿ' ಎಂದು ಬರೆದು, ಇನ್ನೊಂದು ಗುಟ್ಟಿನ ದಫ್ತರದಲ್ಲಿ ಪ್ರತಿ ಮಗುವಿನ ನಿಜವಾದ ಕಾರಣ ಬರೆದಿಡುವ ಕಥೆ. ಯಾರೂ ನಿಜವಾದವರಲ್ಲ, ಎಲ್ಲ ನಾನು ಕಟ್ಟಿದ್ದು.

ನೀನಿರುವುದು ಅಚ್ಚುಕೂಟದಲ್ಲಿ. ಏನಾದರೂ ಮಾಡಲು ಸಾಧ್ಯವೇ ನೋಡು. ಅಕ್ಷರ ತಪ್ಪಿದ್ದರೆ ತಿದ್ದು, ಉಳಿದದ್ದನ್ನು ಇದ್ದ ಹಾಗೇ ಬಿಡು. ಲಾರಿಯಣ್ಣ ಖಾಲಿ ಔಷಧದ ಪೆಟ್ಟಿಗೆಗಳ ಅಡಿಯಲ್ಲಿ ಇದನ್ನು ತರುತ್ತಾರೆ. ಅಂಚೆಗೆ ಮಾತ್ರ ಏನನ್ನೂ ಹಾಕಬೇಡ. ಲಾರಿಯಣ್ಣ ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟಲು ಹದಿನೈದು ದಿನ ಬೇಕು, ಉತ್ತರ ಬರುವ ತನಕ ತಾಳ್ಮೆ ಇರಲಿ.

ನಿನ್ನ ಅಕ್ಕ


ಫೆಬ್ರವರಿ 21

ಅಕ್ಕಾ,

ಕನ್ನಡಕ ಎರಡು ಸಲ ಒರೆಸಿಕೊಂಡು ಓದಿದೆ. ಮೊದಲ ಸಲ ಧೂಳಿಗೆ, ಎರಡನೆಯ ಸಲ ಯಾತಕ್ಕೆ ಅಂತ ಹೇಳುವುದಿಲ್ಲ. ಹನ್ನೆರಡು ವರ್ಷದಿಂದ ಬೇರೆಯವರು ಬರೆದದ್ದನ್ನು ತಿದ್ದುತ್ತಿದ್ದೇನೆ. ಮಹಾನಾಯಕರ ಭಾಷಣ, ಮಹಾನಾಯಕರ ಪಂಚಾಂಗ, ಮಹಾನಾಯಕರು ಮಕ್ಕಳಿಗೆ ಹೇಳಿದ ಬುದ್ಧಿಮಾತು. ಮೊದಲ ಬಾರಿಗೆ ನಾನು ಮಾಡುವ ಕೆಲಸಕ್ಕೂ ಒಂದು ಅರ್ಥ ಇದೆ ಅನ್ನಿಸಿತು.

ಅಚ್ಚುಕೂಟದ ಯಜಮಾನರಿಗೆ ತೋರಿಸಿದೆ. ಅವರು ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಓದಿ, ಹೊರಗೆ ಬಂದು ಮುಖ ತೊಳೆದುಕೊಂಡು, "ಕೋಳಿ ಸಾಕೋದು ಹೇಗೆ ಅಂತ ಒಂದು ಪುಸ್ತಕ ಹಾಕ್ತಿದೀವಲ್ಲ, ಅದರ ರಟ್ಟು ಒಂದು ನಾನೂರು ಹೆಚ್ಚಿಗೆ ಹೊಡೀರಿ" ಅಂದರು. ಅಷ್ಟೇ ಮಾತು. ಹೊರಗೆ ಕೋಳಿ, ಒಳಗೆ ನೀನು. ಮೊದಲ ಎಂಟು ಪುಟ ನಿಜವಾಗಿಯೂ ಕೋಳಿಯ ವಿಷಯವೇ ಇರುತ್ತದೆ, ತಪಾಸಣೆಯವರು ಅದಕ್ಕಿಂತ ಮುಂದೆ ಓದುವುದಿಲ್ಲ.

ಆ ಗುಮಾಸ್ತನನ್ನು ಎಲ್ಲಿಂದ ತಂದೆಯೇ? ಇಂಥ ಮನುಷ್ಯ ಭೂಮಿಯ ಮೇಲೆ ಇರಲು ಸಾಧ್ಯವಿಲ್ಲ, ಅದಕ್ಕೇ ಅಷ್ಟು ಚೆನ್ನಾಗಿದ್ದಾನೆ. ಒಂದೆರಡು ಕಡೆ ನೀನು ಜಾರಿದ್ದೀಯ, ಮೊದಲ ಪುಸ್ತಕ ಅಂದಮೇಲೆ ಅದೆಲ್ಲ ಇದ್ದದ್ದೇ. ನಾನಿರುವುದು ಯಾತಕ್ಕೆ?

ನಿನ್ನ ಪಂಡಿತ


ಮಾರ್ಚ್ 9

ಪಂಡಿತರಿಗೆ,

ನಿನ್ನ ಕಾಗದ ನಿನ್ನೆ ಬಂತು. ಕೋಳಿಯ ಮಾತು ಓದಿ ಎಷ್ಟು ನಕ್ಕೆ ಅಂದರೆ, ವಾರ್ಡಿನ ಮಕ್ಕಳೂ ಕಾರಣ ಗೊತ್ತಿಲ್ಲದೆ ನಕ್ಕವು. ನಗುವುದಕ್ಕೂ ಶಕ್ತಿ ಬೇಕಾಗುತ್ತದೆ, ಎರಡು ಮಕ್ಕಳು ಬರೀ ತುಟಿ ಅಲ್ಲಾಡಿಸಿದವು. ಕಿಟಕಿ ಪಕ್ಕದ ಹಾಸಿಗೆಯ ಚಿಕ್ಕವಳು ಮಧ್ಯಾಹ್ನ ಹೋದಳು. ಮೂರು ವರ್ಷದವಳು, ಏಳು ತಿಂಗಳ ಮಗುವಿನ ತೂಕ. ಅವಳ ತಾಯಿ ನನ್ನ ಕೈ ಹಿಡಿದು, "ಕಾರಣ ಏನಂತ ಬರೀತೀರಾ ಅಕ್ಕಾ?" ಅಂತ ಕೇಳಿದಳು.

ಒಂದು ಮಾತು, ಚೆನ್ನಾಗಿ ಕೇಳಿಸಿಕೋ. ನಾನು ಜಾರಿದ್ದೇನೆ ಅಂತ ಬರೆದಿದ್ದೀಯ. ಜಾರಿದ್ದರೆ ಜಾರಿರಲಿ. ಅಲ್ಲಿ ಕೈ ಹಾಕಬೇಡ. ಯಾಕೆ ಅಂತ ಕೇಳಬೇಡ, ಕಾಗದದಲ್ಲಿ ಬರೆಯುವಂಥದ್ದಲ್ಲ. ನೀನು ಬಂದಾಗ ಎದುರಿಗೆ ಕೂತು ಹೇಳುತ್ತೇನೆ. ಹೇಳಬೇಕಾದ್ದು ಇನ್ನೂ ಒಂದಿದೆ, ಅದು ಸಂತೋಷದ್ದು.

ಮಳೆಗಾಲಕ್ಕೆ ಮುಂಚೆ ರಜೆ ಹಾಕಿ ಬಾ.

ಅಕ್ಕ


ಮಾರ್ಚ್ 14

ಅಕ್ಕಾ,

ಪುಸ್ತಕ ಆಯಿತು! ನಿನ್ನ ಕಾಗದಕ್ಕೆ ಕಾಯಲಿಲ್ಲ. ಲಾರಿಯಣ್ಣ ಬರುವುದು ಮುಂದಿನ ವಾರ, ಯಂತ್ರ ಖಾಲಿ ಸಿಕ್ಕಿದ್ದು ಈ ಶನಿವಾರ ಒಂದೇ. ಅಚ್ಚಿನ ಮೊಳೆ ಜೋಡಿಸುವವರು, ಹಾಳೆ ಹೊಲಿಯುವವರು, ಯಜಮಾನರು, ಎಲ್ಲರೂ ಸೇರಿ ಮಾಡಿದ್ದು. ಹೊಲಿಯುವಾಕೆ ಮೂರನೆಯ ಅಧ್ಯಾಯದ ಹಾಳೆ ಮಡಚುತ್ತಾ, "ನಮ್ಮಣ್ಣನ ಮಗುನೂ ನಿಶ್ಶಕ್ತಿನೇ" ಅಂದಳು.

ಈಗ ನನ್ನ ಜಂಬ ಸ್ವಲ್ಪ ಕೇಳಿಸಿಕೋ. ಮೊದಲ ಅಧ್ಯಾಯದಲ್ಲಿ ನಿನ್ನ ಗುಮಾಸ್ತ ಎಡಗೈಯಲ್ಲಿ ಬರೆಯುತ್ತಾನೆ. ಎರಡನೆಯದರಲ್ಲಿ ಬಲಗೈ! ಅದೇ ಎರಡನೆಯದರಲ್ಲಿ ಅವನ ಅಂಗೈಯ ಅಂಚು ಕಿರುಬೆರಳಿನ ಕೆಳಗೆ ಯಾವಾಗಲೂ ನೀಲಿ ಅಂತಲೂ ಬರೆದಿದ್ದೀಯ. ಬಲಗೈಯವನಿಗೆ ಅಲ್ಲಿ ಶಾಯಿ ಹೇಗೆ ಮೆತ್ತುತ್ತದೆ ಮಾರಾಯಿತಿ? ಹಸಿ ಶಾಯಿಯ ಮೇಲೆ ಕೈ ಎಳೆದುಕೊಂಡು ಹೋಗುವವನು ಎಡಗೈಯವನೇ. ಅಲ್ಲಿಗೆ ಸಿಕ್ಕಿಬಿದ್ದೆ. ಆಮೇಲೆ ಕಿವಿ. ಒಂದು ಕಡೆ ಎಡಗಿವಿಯ ತುದಿ ಇಲ್ಲ, ಇನ್ನೊಂದು ಕಡೆ ಬಲಗಿವಿಯದ್ದು. ಬಾಗಿಲ ಹತ್ತಿರ ಯಾರಾದರೂ ಕರೆದರೆ ಅವನು ಎಡಗಿವಿ ತಿರುಗಿಸಿ ಕೇಳುತ್ತಾನೆ ಅಂತ ನೀನೇ ಬರೆದಿದ್ದೀಯ, ಅಂದಮೇಲೆ ಪೆಟ್ಟಾದದ್ದು ಬಲಗಿವಿಗೆ. ಒಂದು ಕಡೆ ಕುಳ್ಳ, ಒಂದು ಕಡೆ ಉದ್ದ. ಕಪಾಟಿನ ಮೇಲಿನ ದಫ್ತರ ಕೈಚಾಚಿ ತೆಗೆಯುತ್ತಾನಲ್ಲ, ಹಾಗಾಗಿ ಉದ್ದವೇ ಇರಬೇಕು. ಎಲ್ಲ ಒಂದೇ ಸಮ ಮಾಡಿದ್ದೇನೆ. ಈಗ ಅವನು ಕಣ್ಣೆದುರು ನಿಂತ ಹಾಗಿದ್ದಾನೆ, ದಾರಿಯಲ್ಲಿ ಸಿಕ್ಕಿದರೆ ಯಾರು ಬೇಕಾದರೂ ಗುರುತು ಹಿಡಿದಾರು.

ಇಪ್ಪತ್ತು ಪ್ರತಿ ನಿನಗೆ. ಉಳಿದವು ಇಲ್ಲೇ ಹಂಚಿಹೋಗಿವೆ.

ನಿನ್ನ ಪಂಡಿತ


ಏಪ್ರಿಲ್ 2

ತಮ್ಮನಿಗೆ,

ಪುಸ್ತಕ ಬಂತು. ಅಚ್ಚು ಚೆನ್ನಾಗಿದೆ.

ಇನ್ನು ಒಂದು ಪ್ರತಿಯನ್ನೂ ಹೊರಗೆ ಬಿಡಬೇಡ. ಹೋದದ್ದರಲ್ಲಿ ಎಷ್ಟು ವಾಪಸ್ಸು ತರಲು ಸಾಧ್ಯವೋ ಅಷ್ಟನ್ನೂ ತಂದು ಸುಟ್ಟುಬಿಡು. ಲಾರಿಯನ್ನು ಈಗ ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ನೋಡುತ್ತಿದ್ದಾರೆ. ಹಾಗಾಗಿ ಇದಕ್ಕಿಂತ ಹೆಚ್ಚು ಬರೆಯಲಾರೆ. ನನ್ನ ಮಾತು ನಡೆಸಿಕೊಡು.

ಅಕ್ಕ


ಏಪ್ರಿಲ್ 17

ಅಕ್ಕಾ,

ನಾಲ್ಕು ಸಾಲಿನ ಕಾಗದ. ಅದರಲ್ಲೂ ಒಂದು ಸಾಲು ಸುಡು ಅಂತ. ನನಗೆ ಬೇಜಾರಾಯಿತು, ಮುಚ್ಚಿಡುವುದಿಲ್ಲ. ನೀನು ಬರೆದದ್ದನ್ನು ನಾನು ತಿದ್ದಿದೆ ಅಂತ ಇಷ್ಟು ಸಿಟ್ಟೇ? ಕೈ ಹಾಕಬೇಡ ಅಂದ ನಿನ್ನ ಕಾಗದ ನನಗೆ ಸಿಕ್ಕಿದ್ದೇ ಪುಸ್ತಕ ಅಚ್ಚಾದ ಮೇಲೆ. ಚಿಕ್ಕಂದಿನಲ್ಲಿ ನಿನ್ನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಾಗ ಮೂರು ದಿನ ಮಾತು ಬಿಟ್ಟಿದ್ದೆ, ಹಾಗೇ ಆಯಿತು ಇದು.

ಸುಡುವುದಕ್ಕೆ ನನ್ನ ಕೈಯಲ್ಲಿ ಒಂದೂ ಉಳಿದಿಲ್ಲ. ಇದ್ದಿದ್ದರೂ ಏನು ಪ್ರಯೋಜನ? ಜನ ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದಾರೆ. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ, ನನ್ನ ಮುಂದಿನ ಇಬ್ಬರು ಹೆಂಗಸರು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. "ಆ ಎಡಗೈಯವರು ಪುಣ್ಯಾತ್ಮರು ಕಣ್ರೀ. ನಮ್ಮ ಬೀದಿ ಮಕ್ಕಳ ಹೆಸರೂ ಯಾರಾದ್ರೂ ಹಾಗೆ ಬರೆದಿಟ್ಟಿದ್ರೆ!" ನಾನು ಬ್ರೆಡ್ಡು ತೆಗೆದುಕೊಳ್ಳುವುದನ್ನೇ ಮರೆತು ಮನೆಗೆ ಬಂದೆ. ನಿನ್ನೆಯ ಪತ್ರಿಕೆಯಲ್ಲಿ, ದೇಶದಲ್ಲಿ ಹಾಲಿನ ಪುಡಿಗೆ ಕೊರತೆ ಇಲ್ಲ ಅಂತ ಮಹಾನಾಯಕರು ಹೇಳಿಕೆ ಕೊಟ್ಟಿದ್ದಾರೆ. ಯಾರೂ ಕೇಳದೆ ಅವರು ಉತ್ತರ ಕೊಟ್ಟದ್ದು ಇದೇ ಮೊದಲು. ನಿನ್ನ ಕಥೆಗೆ ಕೊಟ್ಟ ಉತ್ತರ ಅದು, ತಿಳಿಯಿತೇ?

ಸಿಟ್ಟು ಇಳಿದ ಮೇಲೆ ಬರೆ. ಆ ಸಂತೋಷದ ಸುದ್ದಿ ಏನು ಅಂತಲೂ ಬರೆ.

ತಮ್ಮ


ಮೇ 1

ತಮ್ಮನಿಗೆ,

ಅವರನ್ನು ಕರೆದುಕೊಂಡು ಹೋದರು.

ಯಾರನ್ನು ಅಂತ ಕೇಳುತ್ತೀಯ. ಭೂಮಿಯ ಮೇಲೆ ಇರಲು ಸಾಧ್ಯವಿಲ್ಲ ಅಂದೆಯಲ್ಲ, ಅವರನ್ನು. ನಮ್ಮ ಆಸ್ಪತ್ರೆಯ ದಫ್ತರದವರು. ಎಡಗೈಯಲ್ಲಿ ಬರೆಯುತ್ತಾರೆ. ಗಣಿಯಲ್ಲಿ ಸಿಡಿದ ಕಲ್ಲಿಗೆ ಬಲಗಿವಿಯ ತುದಿ ಹೋಗಿದೆ. ಉದ್ದಕ್ಕಿದ್ದಾರೆ. ಮಳೆಗಾಲಕ್ಕೆ ಮುಂಚೆ ಮದುವೆಯಾಗೋಣ ಅಂತ ನಾವು ಮಾತಾಡಿಕೊಂಡಿದ್ದೆವು. ನಿನ್ನ ಎದುರಿಗೆ ಹೇಳಿ, ನಿನ್ನ ಮುಖ ನೋಡಬೇಕು ಅಂತ ಆಸೆಯಿಂದ ಬಚ್ಚಿಟ್ಟುಕೊಂಡಿದ್ದೆ.

ನಾನು ಜಾರಿರಲಿಲ್ಲ ಕಣೋ. ಒಂದು ಅಧ್ಯಾಯಕ್ಕೆ ಒಂದೇ ನಿಜ ಇಟ್ಟು, ಪಕ್ಕದಲ್ಲಿ ಎರಡು ಸುಳ್ಳು ಇಟ್ಟಿದ್ದೆ. ಹುಡುಕುವವರು ಮೂರು ಬೇರೆ ಮನುಷ್ಯರನ್ನು ಹುಡುಕಿ ಸುಸ್ತಾಗಲಿ ಅಂತ. ನೀನು ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಒಂದೊಂದೇ ಸುಳ್ಳನ್ನು ಆರಿಸಿ ತೆಗೆದುಹಾಕಿದೆ.

ಗುರುವಾರ ಇಬ್ಬರು ಬಂದರು. ಕೈಯಲ್ಲಿ ಕೋಳಿಯ ಪುಸ್ತಕ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರನ್ನೂ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ, ಮಹಾನಾಯಕರ ಆರೋಗ್ಯ ಹಾರೈಸಿ ಒಂದು ಸಾಲು ಬರೆಯಲು ಹೇಳಿದರು. ಅವರು ಬಲಗೈಯಲ್ಲೇ ಬರೆದರು. ಹದಿನೈದು ದಿನದಿಂದ ನಾವಿಬ್ಬರೂ ಅಭ್ಯಾಸ ಮಾಡಿದ್ದೆವು, ಅಕ್ಷರ ಸುಮಾರಾಗಿ ಬಂತು. ಬಂದವರಲ್ಲಿ ಒಬ್ಬ ಪುಸ್ತಕದಲ್ಲಿ ಮಡಚಿಟ್ಟಿದ್ದ ಪುಟ ತೆಗೆದು ಓದಿಕೊಂಡ. "ಆ ಇನ್ನೊಂದು ಕೈ ಸ್ವಲ್ಪ ತೋರಿಸಿ" ಅಂದ. ಎಷ್ಟು ತೊಳೆದರೂ ಆ ನೀಲಿ ಹೋಗುವುದಿಲ್ಲ. ನಾನು ಐದನೆಯವಳಾಗಿ ನಿಂತಿದ್ದೆ. ಅವರು ನನ್ನ ಕಡೆ ತಿರುಗಿ ನೋಡಲಿಲ್ಲ, ನೋಡಿದ್ದರೆ ಆ ಇಬ್ಬರು ನನ್ನನ್ನೂ ಕರೆದೊಯ್ಯುತ್ತಿದ್ದರು.

ಅದೇ ಗುರುವಾರ ಮಧ್ಯಾಹ್ನ ಹಾಲಿನ ಪುಡಿಯ ಲಾರಿ ಬಂತು. ಹನ್ನೊಂದು ತಿಂಗಳ ಮೇಲೆ. ಚೀಲದ ಮೇಲೆ ಮಹಾನಾಯಕರ ಪಟ. ಮಕ್ಕಳು ಕುಡಿದವು, ಇನ್ನೂ ಬೇಕು ಅಂದವು. ನಾನು ಹಾಲು ಕಲಸುತ್ತಲೇ ಇದ್ದೆ. ಸಂತೋಷ ಪಡಬೇಕೋ ಅಳಬೇಕೋ ನನಗೆ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಅಂತ ಬರೆಯಲು ಕೈ ಬರುತ್ತಿಲ್ಲ.

ಅಕ್ಕ


ಮೇ 13

ಅಕ್ಕಾ,

ಈ ಕಾಗದವನ್ನು ಒಂಬತ್ತು ಸಲ ಶುರು ಮಾಡಿ ಹರಿದಿದ್ದೇನೆ. ಕ್ಷಮಿಸು ಅಂತ ಬರೆದರೆ ಆ ಪದವೇ ಸಣ್ಣದಾಗಿ ಕಾಣುತ್ತದೆ.

ಇದ್ದ ಹಾಗೇ ಬಿಡು ಅಂತ ಮೊದಲ ಕಾಗದದಲ್ಲೇ ಹೇಳಿದ್ದೆ. ಬರೆದು ಅಭ್ಯಾಸವಿಲ್ಲದವಳು, ಸಂಕೋಚಕ್ಕೆ ಹೇಳುತ್ತಿದ್ದಾಳೆ ಅಂತ ನಾನು ಅಂದುಕೊಂಡೆ. ಮಹಾನಾಯಕರ ಭಾಷಣದಲ್ಲಿ ಒಂದು ಪುಟದಲ್ಲಿ ಹತ್ತು ಆಸ್ಪತ್ರೆ, ಇನ್ನೊಂದು ಪುಟದಲ್ಲಿ ನೂರು ಆಸ್ಪತ್ರೆ ಇದ್ದಾಗ ಬಾಯಿ ಮುಚ್ಚಿಕೊಂಡು ಬಿಟ್ಟವನು ನಾನು. ಅಕ್ಕನ ಪುಸ್ತಕದಲ್ಲಿ ಜಾಣತನ ತೋರಿಸಿದೆ.

ಎರಡೇ ಎರಡು ಪ್ರಶ್ನೆಗೆ ಉತ್ತರ ಬರೆ. ಅವರನ್ನು ಎಲ್ಲಿ ಇಟ್ಟಿದ್ದಾರೆ? ಇನ್ನೂ ವಿಚಾರಣೆ ನಡೆಯುತ್ತಿದೆಯೇ? ಅಷ್ಟು ತಿಳಿದರೆ ನಾನು ಮಾಡಬೇಕಾದ್ದು ಒಂದಿದೆ. ನಿನ್ನ ಉತ್ತರ ಬರುವ ತನಕ ಕಾಯುತ್ತೇನೆ.

ತಮ್ಮ


ಮೇ 27

ನನ್ನ ಪುಟ್ಟ ತಮ್ಮನಿಗೆ,

ನಿನ್ನ ಕಾಗದ ಈಗಷ್ಟೇ ಕೈಗೆ ಬಂತು. ಕಾಗದ ತಂದ ಲಾರಿಯಣ್ಣ ಇಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ, ಅವರು ಈ ಕಡೆ ಬಂದ ಕೂಡಲೇ ಸೇತುವೆ ಮುಚ್ಚಿಬಿಟ್ಟರು. "ತೆಗೆದ ದಿನವೇ ಹೊರಡ್ತೀನಿ ತಾಯಿ, ಮೊದಲು ನಿಮ್ಮ ತಮ್ಮನ ಮನೆಗೇ ಹೋಗ್ತೀನಿ" ಅಂದಿದ್ದಾರೆ. ಆದ್ದರಿಂದ ಈಗಲೇ ಬರೆದು ಅವರ ಕೈಗೆ ಕೊಡುತ್ತಿದ್ದೇನೆ.

ನೀನು ಏನು ಮಾಡಬೇಕು ಅಂತಿದ್ದೀಯೋ ನನಗೆ ಗೊತ್ತು. ಮಾಡಬೇಡ. ಅವರು ಇಲ್ಲ.

ಕರೆದುಕೊಂಡು ಹೋದ ಆರನೆಯ ದಿನ ಆಸ್ಪತ್ರೆಯ ಹಿಂಬಾಗಿಲಿಗೆ ತಂದುಕೊಟ್ಟರು. ಜೊತೆಗೆ ಒಂದು ಚೀಟಿ, ಸಾವಿನ ಕಾರಣ: ನಿಶ್ಶಕ್ತಿ. ದಫ್ತರದ ಕುರ್ಚಿಯಲ್ಲಿ ಈಗ ಯಾರೂ ಇಲ್ಲದ್ದರಿಂದ ಸರ್ಕಾರದ ದಫ್ತರದಲ್ಲಿ ನಾನೇ ಅದನ್ನು ಏರಿಸಬೇಕಾಯಿತು. ಏರಿಸಿದೆ. ಆಮೇಲೆ ಎರಡನೆಯದನ್ನು ತೆಗೆದು, ನಾನು ಕಂಡದ್ದನ್ನೆಲ್ಲ ಬರೆದೆ. ಅವರ ಎರಡೂ ಕೈಯ ಮುರಿದ ಬೆರಳುಗಳಿಂದ ಮೊದಲುಗೊಂಡು ಒಂದೊಂದು ಗಾಯವನ್ನೂ ಬರೆದೆ. ಆ ಎರಡನೆಯ ದಫ್ತರ ಹುಡುಕಿ ಬಂದವರಿಗೆ ಸಿಕ್ಕಿಲ್ಲ, ನನ್ನ ಹತ್ತಿರವೇ ಇದೆ, ಇನ್ನು ಬರೆಯುವವಳು ನಾನು.

ಈ ಸುದ್ದಿಯನ್ನು ನಿನಗೆ ಇಷ್ಟು ದಿನ ಹೇಳದೆ ಇದ್ದದ್ದು ನನ್ನ ಹೇಡಿತನ. ಮೊದಲು ಸಿಟ್ಟಿಗೆ ಹೇಳಲಿಲ್ಲ, ಆಮೇಲೆ ಹೆದರಿಕೆಗೆ. ನನಗೆ ಈಗ ಉಳಿದಿರುವವನು ನೀನೊಬ್ಬ.

ಇದನ್ನು ಓದಿ ಮನಸ್ಸಿಗೆ ತಂದುಕೋ. ಪುಸ್ತಕ ಬಂದ ದಿನ ಅವರು ಅದನ್ನು ಪೂರ್ತಿ ಓದಿದರು. ನಾನು ಅಳುತ್ತಾ ಕೂತಿದ್ದೆ. ಅವರು ತಮ್ಮ ಕೈಯ ಅಂಚು ನೋಡಿಕೊಂಡು, "ಶಾಯಿ ಬದಲಾಯಿಸೋದು ನೀನೇ ಮರೆತಿದ್ದೀಯ ನೋಡು. ನಿನ್ನ ತಮ್ಮನ ಕಣ್ಣು ದೊಡ್ಡದು. ಅವನು ಬಂದ ಮೇಲೆ ನಮ್ಮ ದಫ್ತರಾನೂ ಅವನ ಕೈಲಿ ತಿದ್ದಿಸೋಣ" ಅಂದರು. ಓಡಿಹೋಗಿ ಅಂತ ಕಾಲು ಹಿಡಿದೆ. "ನಾನು ಹೋದ್ರೆ ನಾಳೆಯ ಮಕ್ಕಳ ಹೆಸರು ಯಾರು ಬರೀತಾರೆ?" ಅಂದರು.

ಸಿಟ್ಟು ಹೋಗಿದೆ ಕಣೋ. ನಾನು ನಿನಗೆ ನಿಜ ಹೇಳಿದ್ದರೆ ನೀನು ಒಂದು ಅಕ್ಷರ ಮುಟ್ಟುತ್ತಿರಲಿಲ್ಲ. ತಪ್ಪನ್ನು ಇಬ್ಬರೂ ಹಂಚಿಕೊಳ್ಳೋಣ. ಏನೂ ಮಾಡದೆ ಸುಮ್ಮನೆ ಬಾ. ಬದುಕಿ ಬಾ.

ನಿನ್ನ ಅಕ್ಕ


ಜೂನ್ 18

ಅಕ್ಕಾ,

ಐದು ವಾರವಾಯಿತು, ಉತ್ತರವಿಲ್ಲ. ಸೇತುವೆ ಮುಚ್ಚಿದ್ದಾರೆ ಅನ್ನುತ್ತಾರೆ. ಆದರೆ ಕಾರಣ ಅದಲ್ಲ ಅಂತ ನನಗೆ ಗೊತ್ತು, ನೀನು ಬರೆಯದೆ ಇರುವುದೇ ಸರಿ. ನಾನಾಗಿದ್ದರೂ ಬರೆಯುತ್ತಿರಲಿಲ್ಲ. ಇನ್ನು ಕಾಯುವುದಿಲ್ಲ. ಒಂದೊಂದು ದಿನ ಕಳೆದಷ್ಟೂ ಅವರ ಮೈಮೇಲೆ ಬೀಳುವ ಪೆಟ್ಟು ಹೆಚ್ಚುತ್ತದೆ.

ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ನಾವು ಮಾಡುವುದು ಒಂದೇ ಕೆಲಸ. ಇಂಥ ಪುಟದಲ್ಲಿ ಹೀಗೆಂದು ಇರುವುದನ್ನು ಹೀಗೆಂದು ಓದಿಕೊಳ್ಳಿ ಅಂತ ಚೀಟಿ ಹೊಡೆದು ಅಂಟಿಸುತ್ತೇವೆ. ಒಪ್ಪೋಲೆ ಅನ್ನುತ್ತೇವೆ ಅದಕ್ಕೆ. ನಿನ್ನೆ ನಾನೊಬ್ಬನೇ ಕೂತು ಮೊಳೆ ಜೋಡಿಸಿ ನಾನೂರು ಹೊಡೆದೆ. ಬ್ರೆಡ್ಡಿನ ಸಾಲಿನ ಹೆಂಗಸರೇ ಮನೆ ಮನೆಗೆ ಮುಟ್ಟಿಸುತ್ತಿದ್ದಾರೆ. ಹೀಗಿದೆ:

ಪುಟ 14: 'ಎಡಗೈಯಲ್ಲಿ' ಎಂದಿರುವುದನ್ನು 'ಬಲಗೈಯಲ್ಲಿ' ಎಂದು ಓದಿಕೊಳ್ಳಿ.
ಪುಟ 22: 'ಬಲಗಿವಿಯ ತುದಿ ಇಲ್ಲದ' ಎಂದಿರುವುದನ್ನು 'ದಪ್ಪ ಗಾಜಿನ ಕನ್ನಡಕದ' ಎಂದು ಓದಿಕೊಳ್ಳಿ.
ಪುಟ 31: 'ಉದ್ದನೆಯ' ಎಂದಿರುವುದನ್ನು 'ಕುಳ್ಳನೆಯ' ಎಂದು ಓದಿಕೊಳ್ಳಿ.
ಪುಟ 40: 'ಆಸ್ಪತ್ರೆಯ ಗುಮಾಸ್ತ' ಎಂದಿರುವುದನ್ನು 'ಅಚ್ಚುಕೂಟದಲ್ಲಿ ಕರಡು ತಿದ್ದುವವನು' ಎಂದು ಓದಿಕೊಳ್ಳಿ.

ಅಡಿಯಲ್ಲಿ ನನ್ನ ಹೆಸರು ಹಾಕಿದ್ದೇನೆ. ಯಾವ ಪುಸ್ತಕದಲ್ಲೂ ನನ್ನ ಹೆಸರು ಬಂದಿರಲಿಲ್ಲ, ನೋಡಲು ವಿಚಿತ್ರವಾಗಿದೆ.

ನಿನ್ನ ಜ್ವರದ ಪಟ್ಟಿಗಳನ್ನೆಲ್ಲ ಒಲೆಗೆ ಹಾಕಿದೆ. ಅದಕ್ಕೆ ಮುಂಚೆ ಇಡೀ ಕಥೆಯನ್ನು ನನ್ನ ಕೈಯಲ್ಲಿ ನಕಲು ಮಾಡಿಟ್ಟುಕೊಂಡಿದ್ದೇನೆ, ಹೊಡೆದು ಹಾಕಿದ ಸಾಲುಗಳ ಸಮೇತ. ನಾಳೆ ಬೆಳಿಗ್ಗೆ ಸ್ನಾನ ಮಾಡಿ ಅದನ್ನು ತೆಗೆದುಕೊಂಡು, ಅವರನ್ನು ಹಿಡಿದವರ ಕಚೇರಿಗೆ ಹೋಗುತ್ತೇನೆ. ಬರೆದವನು ನಾನು, ಗುಮಾಸ್ತ ನಾನೇ ಕಲ್ಪಿಸಿದವನು, ಯಾವುದೋ ಊರಿನ ಎಡಗೈಯವರಿಗೂ ಇದಕ್ಕೂ ಸಂಬಂಧವಿಲ್ಲ ಅನ್ನುತ್ತೇನೆ. ಅವರಿಗೆ ಬೇಕಾಗಿರುವುದು ಒಬ್ಬ ಮನುಷ್ಯ. ಒಬ್ಬ ಸಿಕ್ಕಿದರೆ ಇನ್ನೊಬ್ಬರನ್ನು ಬಿಡುತ್ತಾರೆ. ಯಜಮಾನರನ್ನೂ ಉಳಿದವರನ್ನೂ ಊರು ಬಿಡಿಸಿದ್ದಾಯಿತು, ಹೊಲಿಯುವಾಕೆ ಮಾತ್ರ ಹೋಗಲು ಒಪ್ಪಲಿಲ್ಲ.

ಹೆದರಿಕೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ತಿದ್ದಿದ ತಪ್ಪುಗಳಲ್ಲಿ ಇದೊಂದನ್ನಾದರೂ ಸರಿಯಾಗಿ ತಿದ್ದಿದ್ದೇನೆ ಅನ್ನುವ ಸಮಾಧಾನವೂ ಇದೆ. ಈ ಕಾಗದವನ್ನು ಹೊಲಿಯುವಾಕೆಯ ಕೈಯಲ್ಲಿ ಬಿಟ್ಟು ಹೋಗುತ್ತೇನೆ, ಲಾರಿಯಣ್ಣ ಬಂದಾಗ ಕೊಡುತ್ತಾಳೆ. ಅಷ್ಟು ಹೊತ್ತಿಗೆ ಅವರು ಬಿಡುಗಡೆಯಾಗಿ ಮನೆಗೆ ಬಂದಿರಬಹುದು. ಬಂದ ಕೂಡಲೇ ಮೊದಲು ಬಿಸಿನೀರು ಕಾಯಿಸಿಕೊಡು. ನನ್ನ ವಿಷಯ ಆಮೇಲೆ ನಿಧಾನವಾಗಿ ಹೇಳು.

ಅವರನ್ನು ನಾನು ಇನ್ನೂ ಒಂದು ಸಲವೂ ಭಾವ ಅಂತ ಕರೆದಿಲ್ಲ. ನಮ್ಮ ತಮ್ಮ ಭಾವ ಅಂತ ಕರೆದ ಅಂತ ಹೇಳು.

ನಿನ್ನ ತಮ್ಮ